ಏಳನೇ ತಾಕಿನ ಬೆದೆ

"ಇವ ಕಲ್ತದ್ದು ಬರೇ ಎಂಟನೇ ಇಯತ್ತಾ. ಇವನ ತಲಿಯಾಗ ಮೂಗೊಂದು ಬಿಟ್ಟರ ಬ್ಯಾರೆ ಏನೂ ಇಲ್ಲ."

ಡಾಕ್ಟರ್ ವಿದ್ಯಾಧರ ತೇರದಾಳ ಅವರು ಈ ಮಾತನ್ನು ನನ್ನ ಕುರಿತು ಹೇಳಿದ್ದು ನನ್ನ ಎದುರಿಗೇ. ಮೂವತ್ತೆಂಟು ವಿದ್ಯಾರ್ಥಿಗಳಿದ್ದರು, ರಾಜಧಾನಿಯಿಂದ ಬಂದ ಪರಿಶೀಲನಾ ಸಮಿತಿಯ ಐದು ಜನರಿದ್ದರು. ಎಲ್ಲರೂ ಏಳನೇ ತಾಕಿನ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. ತಾಕು ಎಂದರೆ ಪ್ರಯೋಗಕ್ಕೆಂದು ಅಳೆದು ಬಿಟ್ಟ ಹತ್ತು ಗುಂಟೆ ಹೊಲ. ತೇರದಾಳ ಸರ್ ಎರೆಹಾಳದ ಕೃಷಿ ಮತ್ತು ಜೀವವಿಜ್ಞಾನ ಕಾಲೇಜಿನಲ್ಲಿ ಮಣ್ಣು ವಿಭಾಗದ ಮುಖ್ಯಸ್ಥರು. ನಾನು ಅದೇ ವಿಭಾಗದ ದಿನಗೂಲಿ, ಹೆಸರು ಯಮನೂರಿ. ಎಲ್ಲರ ಮೂಗೂ ತಲೆಯಲ್ಲೇ ಇರುತ್ತದೆ, ಸೊಂಟದಲ್ಲಿ ಅಲ್ಲ, ಎಂದು ಆಗಲೇ ತಿರುಗಿ ಹೇಳಬಹುದಿತ್ತು. ಹೊಳೆಯಲಿಲ್ಲ. ಸಿಟ್ಟು ಬಂದರೆ ನನಗೆ ಮಾತು ಬರುವುದಿಲ್ಲ, ಕಿವಿ ಬಿಸಿಯಾಗುತ್ತವೆ. ಎರಡೂ ಕಿವಿ ಕಾದ ಹೆಂಚಿನಂತಾಗಿದ್ದವು.

ವಿದ್ಯಾರ್ಥಿಗಳು ನಕ್ಕರು. ನಗದೆ ಏನು ಮಾಡಿಯಾರು? ಬಿತ್ತದ ಕರಿ ಹೊಲದ ನಟ್ಟನಡುವೆ ಕಾಲೇಜಿನ ಪಶುವೈದ್ಯೆ ಡಾಕ್ಟರ್ ನಸೀಮಾ ನಿಂತಿದ್ದರು. ಬಲಗೈಗೆ ಭುಜದ ತನಕ ಪ್ಲಾಸ್ಟಿಕ್ ಕೈಗವಸು. ಕಾಲ ಬಳಿ, ಹೋರಿಯ ವೀರ್ಯದ ಕಡ್ಡಿಗಳನ್ನಿಟ್ಟ ತಣ್ಣನೆಯ ಕ್ಯಾನು, ಮುಚ್ಚಳದ ಸಂದಿಯಿಂದ ಬಿಳಿ ಹೊಗೆ. ಬೆಳಿಗ್ಗೆ ಆರು ಇಪ್ಪತ್ತಕ್ಕೆ ಬೆದೆ ಗುರುತಿಸುವ ಯಂತ್ರದಿಂದ ಅವರ ಮೊಬೈಲಿಗೆ ಸಂದೇಶ ಬಂದಿತ್ತು: "ಏಳು ಬೆದೆಗೆ ಬಂದಿದೆ. ಕೃತಕ ಗರ್ಭಧಾರಣೆಗೆ ತಯಾರಾಗಿ." ಕೊಟ್ಟಿಗೆಯಲ್ಲಿ ನೋಡಿದರೆ ಏಳನೇ ನಂಬರಿನ ಆಕಳು ಆಗಲೇ ಐದು ತಿಂಗಳ ಗಬ್ಬ, ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಯಂತ್ರ ತಪ್ಪಲಾರದು ಎಂದು ನಂಬಿದ ನಸೀಮಾ ಮೇಡಂ, ಸಂದೇಶದ ಜೊತೆಗೆ ಬಂದ ನಕಾಶೆ ಹಿಡಿದು ನಡೆದಿದ್ದರು. ನಕಾಶೆ ಅವರನ್ನು ತಂದು ನಿಲ್ಲಿಸಿದ್ದು ಈ ಹೊಲದ ನಡುವೆ, ಸಮಿತಿ ಬಂದ ಗಳಿಗೆಯಲ್ಲೇ.

ತಪ್ಪು ಯಂತ್ರದ್ದಲ್ಲ, ನನ್ನದು. ಅದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ಯಂತ್ರಕ್ಕೆ ನೆಲಮೂಗು ಎಂದು ಹೆಸರು. ಗೇಣುದ್ದದ ಉಕ್ಕಿನ ಗೂಟ, ಮೈತುಂಬ ಸಾಸಿವೆಯಂಥ ತೂತು, ತೂತುಗಳ ಹಿಂದೆ ತೆಳುವಾದ ಪೊರೆ. ನೆಲದೊಳಗಿನ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಉಸಿರಾಡುತ್ತವೆ, ಉಂಡದ್ದನ್ನು ತೇಗುತ್ತವೆ. ಆ ಗಾಳಿ ಪೊರೆಗೆ ತಾಗಿದಾಗ ಯಂತ್ರಕ್ಕೆ ವಾಸನೆ ತಿಳಿಯುತ್ತದೆ. ವಾಸನೆ ಬದಲಾದದ್ದು ಮಾತ್ರ ಅದಕ್ಕೆ ಗೊತ್ತು, ಆ ವಾಸನೆಯ ಅರ್ಥವೇನು ಎಂಬುದನ್ನು ಮನುಷ್ಯರೇ ಕಲಿಸಬೇಕು. ದಿನಾ ಬೆಳಿಗ್ಗೆ ಸಂಜೆ ಪ್ರತಿ ಗೂಟದ ಹತ್ತಿರ ಹೋಗಿ, ಪರದೆಯ ಮೇಲೆ ಎರಡು ಕಡೆ ತುಂಬಬೇಕು. ಒಂದು ಕಡೆ ಮಣ್ಣಿನ ತೇವ ಶೇಕಡಾ ಎಷ್ಟು, ಇನ್ನೊಂದು ಕಡೆ ಮಣ್ಣಿನ ಸ್ಥಿತಿ ಒಂದು ಮಾತಿನಲ್ಲಿ. ಶೇಕಡಾ ವಿದ್ಯಾರ್ಥಿಗಳ ಕೆಲಸ. ಆ ಒಂದು ಮಾತು ಯಾರಿಗೂ ಬೇಡವಾಗಿತ್ತು. ಪರೀಕ್ಷೆಗೆ ಬರದ ಮಾತಿಗಾಗಿ ಬೆಳಗಿನ ಆರಕ್ಕೆ ಯಾರು ಎದ್ದಾರು? "ಯಮನೂರಿ, ಅದನ್ನ ನೀನ ತುಂಬಿಬಿಡು" ಎಂದರು. ತುಂಬಿದೆ. ಹದಿನಾಲ್ಕು ತಿಂಗಳು ತುಂಬಿದೆ. ಒಂದು ಹಿಡಿ ಮಣ್ಣು ಎತ್ತುವುದು, ಹಿಸುಕುವುದು, ಮೂಸುವುದು, ಅನ್ನಿಸಿದ್ದನ್ನು ಬರೆಯುವುದು. ಹಸಿ, ಜಿಗುಟು, ಬಿರುಸು, ಬೆದೆ.

ಇಂಥ ಗೂಟಗಳು ನಲವತ್ತು. ಇಪ್ಪತ್ತನ್ನು ತಾಕಿಗೊಂದರಂತೆ ಹೊಲದಲ್ಲಿ ನೆಟ್ಟಿದ್ದರು. ಇಪ್ಪತ್ತನ್ನು ಆಕಳುಗಳ ಬೆದೆ ಗುರುತಿಸಲೆಂದು ಕೊಟ್ಟಿಗೆಯಲ್ಲಿ ಕಟ್ಟಿದ್ದರು. ನಲವತ್ತು ಮೂಗಿಗೂ ನಿಯಂತ್ರಣ ಕೋಣೆಯಲ್ಲಿ ಒಂದೇ ಮಿದುಳು. ನಮ್ಮ ಕಡೆ ಆಕಳು ಹೋರಿಯನ್ನು ಬಯಸಿದರೂ ಬೆದೆ, ಮಳೆ ಕುಡಿದ ನೆಲ ಬೀಜವನ್ನು ಬಯಸಿದರೂ ಬೆದೆ. ಆಡುವ ಮಾತನ್ನು ಆಡಿದ ಹಾಗೇ ಬರೆದೆ. ಆ ಮಿದುಳು ಒಂದು ಮಾತಿಗೆ ಒಂದೇ ಗೂಡು ಇಟ್ಟುಕೊಳ್ಳುತ್ತದೆ, ಕೊಟ್ಟಿಗೆಯನ್ನೂ ಹೊಲವನ್ನೂ ಅದೇ ಗೂಡಿಗೆ ಹಾಕುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ಮೊಬೈಲಿಗೆ ಸಂದೇಶ ಕಳಿಸತೊಡಗಿದ್ದೂ ಹೋದ ತಿಂಗಳಿಂದಷ್ಟೇ.

ಶಾಲೆ ಬಿಟ್ಟದ್ದು ಕೂಡ ಇಂಥದ್ದೇ ಒಂದು ಮಾತಿಗೆ. ಮಣ್ಣಿನ ವಿಧಗಳನ್ನು ಬರೆಯಿರಿ ಎಂದು ಎಂಟನೇ ತರಗತಿಯ ಪರೀಕ್ಷೆಯಲ್ಲಿ ಕೇಳಿದ್ದರು. ಎರೆ, ಮಸಾರಿ, ಮರಡಿ, ಸವಳು, ಕರಲು, ಮಡ್ಡಿ, ಉಸುಕು, ಜೇಡಿ, ಗೋಡು, ಒಂಬತ್ತು ಬರೆದೆ. ಪುಸ್ತಕದಲ್ಲಿ ನಾಲ್ಕೇ ಇದ್ದವು. ಐದು ಹೆಚ್ಚಿಗೆ ಬರೆದದ್ದಕ್ಕೆ ಐದು ಏಟು. ಮರುದಿನದಿಂದ ಹೋಗಲಿಲ್ಲ. ಆಮೇಲೆ ಕಲಿತದ್ದೆಲ್ಲ ಈ ಕಾಲೇಜಿನ ಕಿಟಕಿ ಒರೆಸುತ್ತ. ಸೂಕ್ಷ್ಮಜೀವಿ ಪಾಠವಿದ್ದ ದಿನ ಆ ಕೋಣೆಯ ಗಾಜು ಮೂರು ಸಲ ಒರೆಸುತ್ತೇನೆ. ಮಣ್ಣು ವಿಭಾಗದಷ್ಟು ಹೊಳೆಯುವ ಗಾಜು ಇಡೀ ಕಾಲೇಜಿನಲ್ಲಿ ಇಲ್ಲ.

ಇರಲಿ. ಬದುವಿನ ಮೇಲೆ ತೇರದಾಳ ಸರ್ ಇನ್ನೊಂದು ಮಾತು ಹೇಳಿದರು. ಅದು ಬೈಗುಳಕ್ಕಿಂತ ಕೆಟ್ಟದ್ದಾಗಿತ್ತು. ನೆಲಮೂಗಿನ ನೆನಪನ್ನೆಲ್ಲ ಅಳಿಸಿಹಾಕುತ್ತೇವೆ, ಇನ್ನು ಮೇಲೆ ಶೇಕಡಾ ಮಾತ್ರ ತುಂಬುತ್ತೇವೆ, ಯಮನೂರಿಯನ್ನು ಗೇಟು ಕಾಯಲು ಹಾಕುತ್ತೇವೆ ಎಂದು ಸಮಿತಿಗೆ ಆಶ್ವಾಸನೆ ಕೊಟ್ಟರು. ಗೇಟಿಗೆ ಹಾಕಲಿ, ನಿಲ್ಲುತ್ತೇನೆ. ಆದರೆ ಹದಿನಾಲ್ಕು ತಿಂಗಳು, ಹಬ್ಬ ಹುಣ್ಣಿಮೆ ಎನ್ನದೆ, ಜ್ವರ ಬಂದ ದಿನವೂ ಬಿಡದೆ ಮೂಸಿದ ನನ್ನ ಮೂಗು ಅದರೊಳಗಿತ್ತು. ನಾನು ಬರೆದದ್ದು ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ. ಅದನ್ನು ಒಂದು ಗುಂಡಿ ಒತ್ತಿ ಅಳಿಸುತ್ತಾರಂತೆ.

ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು, ಕೂದಲು ಪೂರಾ ಬಿಳಿ. ಎಲ್ಲರೂ ನಗುವಾಗ ಅವರು ಬಗ್ಗಿ ಏಳನೇ ತಾಕಿನ ಒಂದು ಚಿಟಿಕೆ ಮಣ್ಣು ಎತ್ತಿ ಬೆರಳಲ್ಲಿ ಉಜ್ಜುತ್ತಿದ್ದರು. ನಾವು ಶನಿವಾರದವರೆಗೆ ಇಲ್ಲೇ ಇರುತ್ತೇವೆ, ಅಳಿಸುವುದಿದ್ದರೆ ನಾವು ಹೊರಡುವ ದಿನ ಅಳಿಸಿ ಎಂದಷ್ಟೇ ಹೇಳಿದರು. ಅಂದು ಸೋಮವಾರ.

ಹತ್ತು ಗಂಟೆಗೆ ಸಮಿತಿಯ ಎದುರು ಎಂಟನೇ ತಾಕಿನಲ್ಲಿ ಬಿತ್ತನೆಯ ಪ್ರಾತ್ಯಕ್ಷಿಕೆ ಆಯಿತು. ಏಳಕ್ಕೂ ಎಂಟಕ್ಕೂ ನಡುವೆ ಒಂದು ಬದು ಮಾತ್ರ. ಅದೇ ಎರೆ ಮಣ್ಣು, ಎರಡಕ್ಕೂ ಬಿದ್ದದ್ದು ಅದೇ ಮಳೆ. ತೇವ ಪುಸ್ತಕದಲ್ಲಿ ಹೇಳಿದಷ್ಟೇ ಇದೆ ಎಂದು ತೇರದಾಳ ಸರ್ ತೋರಿಸಿದರು. ಟ್ರ್ಯಾಕ್ಟರ್ ಕೂರಿಗೆ ಬಿಳಿಜೋಳ ಬಿತ್ತಿಕೊಂಡು ಹೋಯಿತು. ಚಪ್ಪಾಳೆ ಬಿತ್ತು, ಎಲ್ಲರೂ ಚಹಾಕ್ಕೆ ಹೋದರು.

ನಸೀಮಾ ಮೇಡಂ ಮಾತ್ರ ಬದುವಿನ ಮೇಲೆ ಕೂತು ಕೈಗವಸು ಬಿಚ್ಚುತ್ತಿದ್ದರು. ನಾನು ಕ್ಷಮೆ ಕೇಳಲು ಹೋದೆ. ಅವರು ಸಂದೇಶ ಎಷ್ಟು ಹೊತ್ತಿಗೆ ಬಂತೆಂದು ಮತ್ತೊಮ್ಮೆ ನೋಡಿ, ನಗು ಹಿಡಿದುಕೊಂಡು ಹೇಳಿದರು:

"ಇಷ್ಟ ಲಗೂ ಬಂದದ್ದು ನನ್ನ ತಪ್ಪು ನೋಡು. ಮುಂಜಾನೆ ಕಂಡ ಬೆದಿಗೆ ಸಂಜಿಗೆ ಮಾಡಬೇಕು. ಸಂಜಿಗೆ ಕಂಡದ್ದಕ್ಕ ಮರುದಿನ ಮುಂಜಾನೆ. ಅಷ್ಟರೊಳಗ ಮಾಡಿದರ ಗಬ್ಬ ನಿಲ್ಲೂದಿಲ್ಲ."

ಅವರು ತಮಾಷೆಗೆ ಹೇಳಿದರು. ಆಕಳಿಗೆ ಇದು ಪಶುವೈದ್ಯರ ಹಳೆಯ ನಿಯಮ. ನನಗೆ ಮಾತ್ರ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚುತ್ತಲೇ ಇತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಮನೆ ಎಂದರೆ ಕಾಲೇಜಿನ ಬೇಲಿಯಾಚೆ ಹೊನ್ನವ್ವ ಅತ್ತೆಯ ಮನೆ. ಅಪ್ಪನ ಅಕ್ಕ ಆಕೆ. ಎರಡು ಎಮ್ಮೆ ಕಟ್ಟಿದ್ದಾಳೆ, ಊರಿನ ಯಾವ ಎಮ್ಮೆ ಬೆದೆಗೆ ಬಂದಿದ್ದರೂ ದಾರಿಯಲ್ಲಿ ಹಾದುಹೋಗುತ್ತ ಹೇಳುತ್ತಾಳೆ. ಎಮ್ಮೆಯ ಬೆನ್ನು ತಿಕ್ಕುತ್ತಿದ್ದವಳಿಗೆ ಬೆಳಗಿನ ಅವಮಾನವನ್ನೆಲ್ಲ ಹೇಳಿದೆ. ಕೇಳಿದಳೋ ಇಲ್ಲವೋ. ಏಳನೇ ತಾಕಿನ ಮಣ್ಣು ಎಷ್ಟು ಹೊತ್ತಿಗೆ ಘಮ್ ಅಂದಿತು ಎಂದು ಮಾತ್ರ ಕೇಳಿದಳು. ಆರು ಇಪ್ಪತ್ತು ಎಂದೆ. ಎಂಟನೇ ತಾಕು ಹತ್ತಕ್ಕೇ ಬಿತ್ತಿದರು ಎಂದದ್ದಕ್ಕೆ ತಿಕ್ಕುವ ಕಲ್ಲು ಕೆಳಗಿಟ್ಟಳು.

"ಉಣ್ಣಾಕ ಕುಂತವ್ರ ಮನಿಗೆ ಹೆಣ್ಣ ಕೇಳಾಕ ಹೋಗ್ತಾರೇನಲೇ ಹುಚ್ಚಪ್ಯಾಲಿ? ಅವರು ಕೈ ತೊಳಕೊಳ್ಳುತನಕರ ತಡಿಬೇಕು."

ಅಂದರೆ? ಅಂದರೆ ಅಷ್ಟೇ. ಮೊದಲಿನವರು ಬೆದೆ ಕಂಡ ಮೇಲೂ ಅರ್ಧ ದಿನ ಕಾಯುತ್ತಿದ್ದರಂತೆ. ಈಗ ಯಾರು ಕಾಯುತ್ತಾರೆ, ಟ್ರ್ಯಾಕ್ಟರ್ ಪಾಳಿ ಬಂದಾಗ ಬಿತ್ತುವುದು ಎಂದು ಗೊಣಗಿ, ಎಮ್ಮೆಯ ಇನ್ನೊಂದು ಮಗ್ಗುಲಿಗೆ ಹೋದಳು. ನಾನು ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಯಂತ್ರಣ ಕೋಣೆಗೆ ಓಡಿದೆ.

ನಿಯಂತ್ರಣ ಕೋಣೆ ನೋಡಿಕೊಳ್ಳುವವಳು ಸುನಿಧಿ, ಕೊನೆಯ ವರ್ಷದ ವಿದ್ಯಾರ್ಥಿನಿ. ಪದವಿಗೆ ಹಳ್ಳಿವಾಸ ಕಡ್ಡಾಯವೆಂದು ಎರಡು ತಿಂಗಳು ನಮ್ಮ ಅತ್ತೆಯ ಮನೆಯಲ್ಲೇ ಇದ್ದು ರೊಟ್ಟಿ ಬಡಿಯಲು ಕಲಿತ ಹುಡುಗಿ. ಏಳನೇ ತಾಕು ಅವಳ ಪ್ರಾಜೆಕ್ಟಿನದು. ಬೆಳಿಗ್ಗೆ ಎಲ್ಲರ ಜೊತೆ ತಾನೂ ನಕ್ಕೆ ಎಂದು ಮೊದಲು ಒಪ್ಪಿಕೊಂಡಳು. ಆಮೇಲೆ ಪರದೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದಳು. ಒಂದು, ಹೋದ ತಿಂಗಳು ಬೆದೆಗೆ ಬಂದ ಹದಿನಾಲ್ಕನೇ ನಂಬರಿನ ಆಕಳದು. ಇನ್ನೊಂದು, ಇವತ್ತಿನ ಏಳನೇ ತಾಕಿನದು. ಆಕಳಿನ ಗೆರೆಯಲ್ಲಿ ಮೊದಲು ಚೂಪಾದ ಒಂದು ಗುಡ್ಡ, ಆಮೇಲೆ ಇಳಿಜಾರು, ಇಳಿಜಾರಿನ ಕೊನೆಗೆ ತಗ್ಗಾದ, ದುಂಡನೆಯ ಒಂದು ದಿಬ್ಬ. ಆ ದಿಬ್ಬ ಎದ್ದದ್ದು ಹನ್ನೆರಡು ತಾಸಿನ ಮೇಲೆ. ತಾಕಿನ ಗೆರೆಯೂ ಅಂಥದ್ದೇ ಗುಡ್ಡ ಹತ್ತಿ, ಇನ್ನೂ ಇಳಿಜಾರಿನಲ್ಲಿತ್ತು.

ಅವಳು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಒಣಗಿ ಮಲಗಿದ ಸೂಕ್ಷ್ಮಜೀವಿಗಳು ಮಳೆ ಬಿದ್ದೊಡನೆ ಏಳುತ್ತವೆ. ನೆಲ ಬಿತ್ತುವ ಹದಕ್ಕೆ ಆರುತ್ತ ಬಂದು ಮಣ್ಣಿನೊಳಗೆ ಗಾಳಿ ಆಡತೊಡಗಿದಾಗ ಅವುಗಳ ಹಸಿವು ಕೆರಳಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಚೂಪಾದ ಗುಡ್ಡ ಆ ಹಸಿವಿನದು. ಆಗ ಬೀಜ ಹಾಕಿದರೆ, ಮೊಳಕೆ ಮೊದಲ ಬೇರಿನಿಂದ ಒಸರುವ ಸಕ್ಕರೆಯನ್ನು ಅವು ನೆಕ್ಕಿಬಿಡುತ್ತವೆ, ಕೆಲವು ಬೀಜವನ್ನೂ ಬಿಡುವುದಿಲ್ಲ. ಹೊಟ್ಟೆ ತುಂಬಿದ ಮೇಲೆ ಅವೇ ಜೀವಿಗಳು ಬೇರಿಗೆ ಹಿತವಾದದ್ದನ್ನು ಬಿಡತೊಡಗುತ್ತವೆ. ದುಂಡನೆಯ ದಿಬ್ಬ ಅದು. ಹಾಗಿರಬಹುದು, ಒಂದೇ ತಾಕು ನೋಡಿ ಹಾಗೇ ಎಂದು ಹೇಳಲಾರೆ ಎಂದು ನಾಲ್ಕು ಸಲ ಹೇಳಿದಳು. ಕಾಲೇಜಿನಲ್ಲಿ ಓದಿದವರು ಹೀಗೇ. ನಿಜವನ್ನೂ ಹೆದರಿಕೊಂಡೇ ಹೇಳುತ್ತಾರೆ.

"ನಾವು ಮಣ್ಣಿಗೆ ಎಷ್ಟು ನೀರು ಕುಡದೀ ಅಂತ ಪೊಲೀಸರ ಹಂಗ ಕೇಳ್ತಿದ್ವಿ, ಯಮನೂರಣ್ಣ. ನಿಮ್ಮ ತಪ್ಪಿನಿಂದ ಯಂತ್ರ ಅದನ್ನ ಒಂದು ಜೀವ ಅಂತ ತಿಳಕೊಂಡು, ಹೆಂಗದೀ ಅಂತ ಕೇಳೇತಿ."

ನಾನು ಉಣ್ಣುವವರ ಮನೆಯ ಮಾತು ಹೇಳಿದೆ. ಅವಳು ಬೀಜದ ಕೋಣೆಯ ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

ಸಂಜೆ ಐದೂವರೆಗೆ ದಿಬ್ಬ ಏಳತೊಡಗಿತು. ಟ್ರ್ಯಾಕ್ಟರ್ ಚಾಲಕ ಮನೆಗೆ ಹೋಗಿದ್ದ. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಒಂಟಿ ಗಾಲಿಯ ಕೈಕೂರಿಗೆಯನ್ನು ಎಳೆದು ತಂದು, ಗಾಲಿಗೆ ಎಣ್ಣೆ ಬಿಟ್ಟೆ. ಅತ್ತೆ ಬಂದಳು. ತಾಕಿಗೆ ಇಳಿಯುವ ಮುಂಚೆ ಚಪ್ಪಲಿ ಬಿಟ್ಟು, ಮಣ್ಣು ಮೂಸಿ, ಸೆರಗು ಸಿಕ್ಕಿಸಿಕೊಂಡಳು. ನಸೀಮಾ ಮೇಡಂ ಬರುತ್ತಾರೆಂದು ನಾವು ಎಣಿಸಿರಲಿಲ್ಲ. ತನಗೆ ಬಂದ ಕರೆ, ತನ್ನ ಕೇಸು, ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ ಎಂದರು. ಕೈಗವಸನ್ನೂ ತಂದಿದ್ದರು, ಸುಳ್ಳಲ್ಲ. ಅದನ್ನು ಹಾಕಿಕೊಂಡೇ ಕೂರಿಗೆಯ ಬಟ್ಟಲಿಗೆ ಜೋಳ ಸುರಿದರು. ನಾನು ತಳ್ಳಿದೆ, ಅತ್ತೆ ಹಿಂದಿನಿಂದ ಕಾಲಲ್ಲಿ ಸಾಲು ಮುಚ್ಚುತ್ತ ಬಂದಳು, ಸುನಿಧಿ ಪರದೆ ನೋಡುತ್ತ ದಿಬ್ಬ ಇನ್ನೂ ಇದೆ, ಇನ್ನೂ ಇದೆ ಎಂದು ಕೂಗುತ್ತಿದ್ದಳು. ಹಾಸ್ಟೆಲ್ ಮಾಳಿಗೆಯಿಂದ ಹುಡುಗರು ಶಿಳ್ಳೆ ಹೊಡೆದರು. ಒಬ್ಬ ಮದುವೆಯ ವಾಲಗ ಹಾಕಿದ. ಅತ್ತೆ ಹಿಂದೆ ಸರಿಯುವವಳಲ್ಲ, ವಾಲಗಕ್ಕೆ ಸರಿಯಾಗಿ ಹೆಜ್ಜೆ ಹಾಕಿ ಮುಚ್ಚತೊಡಗಿದಳು. ನಕ್ಕು ನಕ್ಕು ನನ್ನ ಒಂದು ಸಾಲು ಹಾವಿನಂತೆ ಸೊಟ್ಟಗಾಯಿತು. ಹೊತ್ತು ಮುಳುಗುವಾಗ ಹತ್ತು ಗುಂಟೆ ಮುಗಿದಿತ್ತು.

ಮಂಗಳವಾರ ಊರಿಗೆಲ್ಲ ಸುದ್ದಿ. ಚಹಾದಂಗಡಿಯಲ್ಲಿ ಕಾಲೇಜಿನವರು ಹೊಲಕ್ಕೆ ಸೂಜಿ ಚುಚ್ಚಿದರಂತೆ ಎಂದು ಮಾತಾಯಿತು. ಮೂವರು ಹೆಂಗಸರು ನಸೀಮಾ ಮೇಡಂ ಹತ್ತಿರ ಹೋಗಿ, ತಮ್ಮ ಹೊಲ ಎರಡು ವರ್ಷದಿಂದ ಸರಿಯಾಗಿ ಗಬ್ಬ ಕಟ್ಟುತ್ತಿಲ್ಲ, ಬಂದು ನೋಡಬೇಕು ಎಂದು ಪಾಳಿ ಹಚ್ಚಿದರು. ನನ್ನನ್ನು ಗೇಟಿಗೆ ಹಾಕಿಯಾಗಿತ್ತು. ಗೇಟಿನಲ್ಲಿ ಬೇರೆ ಕೆಲಸವೇನು? ತೇರದಾಳ ಸರ್ ಕಾರು ಹಾದುಹೋದಾಗಲೆಲ್ಲ ಎದ್ದು ನಿಲ್ಲುವುದು, ಕೂತಾಗ ಅವರಿಗೆ ಕೊಡಬೇಕಾದ ಉತ್ತರ ತಯಾರಿಸುವುದು. ನಾಲ್ಕು ಉತ್ತರ ತಯಾರಾದವು. ಒಂದು ಚಿಕ್ಕದು, ಮೂಗಿನ ಬಗ್ಗೆ. ಒಂದು ಉದ್ದದ್ದು, ಒಂಬತ್ತು ಮಣ್ಣಿನ ಹೆಸರು ಬರುವಂಥದ್ದು. ಒಂದು ವಿನಯದ್ದು, ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚುವಂಥದ್ದು. ನಾಲ್ಕನೆಯದನ್ನು ಇಲ್ಲಿ ಬರೆಯುವಂತಿಲ್ಲ. ಸಂಜೆ ಎಮ್ಮೆಗಳ ಮುಂದೆ ನಾಲ್ಕನ್ನೂ ಒಪ್ಪಿಸಿದೆ. ದೊಡ್ಡ ಎಮ್ಮೆ ನಾಲ್ಕನೆಯದಕ್ಕೆ ತಲೆ ಅಲ್ಲಾಡಿಸಿತು.

ಗುರುವಾರ ಬೆಳಿಗ್ಗೆ ಎಂಟನೇ ತಾಕು ಮೊಳೆಯಿತು.

ಏಳರಲ್ಲಿ ಏನೂ ಇರಲಿಲ್ಲ. ಬದುವಿನ ಆಚೆ ಹಸಿರು ಸೂಜಿಗಳು, ಈಚೆ ಬರೀ ಕರಿ ಮಣ್ಣು, ಅದರಲ್ಲಿ ನನ್ನ ಸೊಟ್ಟ ಸಾಲಿನ ಗುರುತು. ಸಮಿತಿ ಬಂದು ನೋಡಿತು. ತೇರದಾಳ ಸರ್ ಎಂಟನೇ ತಾಕನ್ನಷ್ಟೇ ತೋರಿಸಿ ಮುಂದೆ ನಡೆದರು, ಅದೇ ನನಗೆ ಹೆಚ್ಚು ಉರಿಯಿತು. ಅನ್ನುವ ಕೆಲಸವನ್ನು ಹಾಸ್ಟೆಲ್ ಹುಡುಗನೊಬ್ಬ ಮಾಡಿದ. ಗೇಟಿನಲ್ಲಿ ಸ್ಕೂಟರ್ ನಿಲ್ಲಿಸಿ, "ಯಾಕೋ ಯಮನೂರಿ, ನಿನ್ನ ಹೊಲ ಗಬ್ಬ ನಿಲ್ಲಲಿಲ್ಲೇನು?" ಎಂದ. ಕಿವಿಗಳು ಮತ್ತೆ ಕಾದವು. ಸುನಿಧಿಗೆ ಶನಿವಾರ ಹನ್ನೆರಡು ಗಂಟೆಗೆ ನೆನಪು ಅಳಿಸಲು ಲಿಖಿತ ಆದೇಶ ಬಂದಿತ್ತು. ಅದನ್ನು ತೋರಿಸುವಾಗ ಅವಳು ನನ್ನ ಮುಖ ನೋಡಲಿಲ್ಲ. ಒಂದು ತಾಕಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ತಾನು ಮೊದಲೇ ಹೇಳಿದ್ದೆನಲ್ಲ ಎಂದಳು. ಹೇಳಿದ್ದಳು, ನಿಜ.

ಅಂದು ನಾನು ಉಣ್ಣಲಿಲ್ಲ. ಅತ್ತೆ ಎರಡು ಸಲ ಕರೆದಳು, ಮೂರನೇ ಸಲ ತಾಟನ್ನು ತಂದು ನನ್ನ ಮುಂದೆ ಕುಕ್ಕಿದಳು. ಮದುವೆಯ ಮನೆಗೆ ಮೊದಲು ಬಂದವರು ಯಾರು ಎಂದು ನೋಡಬಾರದು, ಪಂಕ್ತಿಗೆ ಕುಂತವರು ಎಷ್ಟು ಎಂದು ನೋಡಬೇಕು ಎಂದಳು. ಇವಳಿಗೆ ಎಲ್ಲದಕ್ಕೂ ಊಟದ್ದೇ ಮಾತು. ಉಂಡೆ.

ಶುಕ್ರವಾರ ಸಂಜೆ ಐದಕ್ಕೆ ನಸೀಮಾ ಮೇಡಂ ಮೊಬೈಲಿಗೆ ಇನ್ನೊಂದು ಸಂದೇಶ ಬಂತು. ಹನ್ನೊಂದು ಬೆದೆಗೆ ಬಂದಿದೆ. ಹನ್ನೊಂದನೇ ತಾಕು ಕೆರೆಯ ಮಗ್ಗುಲಿನ ತಗ್ಗು ಹೊಲ, ಆರುವುದು ಯಾವಾಗಲೂ ತಡ. ಈ ಸಲ ಮೇಡಂ ಕೊಟ್ಟಿಗೆ ಕಡೆ ಹೋಗಲೇ ಇಲ್ಲ, ನೇರ ಗೇಟಿಗೆ ಬಂದು ಮೊಬೈಲನ್ನು ನನ್ನ ಕೈಗಿಟ್ಟರು. ಸಂಜೆ ಕಂಡದ್ದಕ್ಕೆ ಬೆಳಿಗ್ಗೆ. ಸುದ್ದಿಯನ್ನು ಅತ್ತೆಗೆ ಹೇಳಿದೆ, ಆದರೆ ಬೆಳಿಗ್ಗೆ ಬಿತ್ತೋಣ ಎನ್ನಲು ನನಗೆ ಬಾಯಿ ಇರಲಿಲ್ಲ. ಏಳು ಇನ್ನೂ ಬರೀ ಮಣ್ಣಾಗಿತ್ತು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಏಳನೇ ತಾಕಿಗೆ ಹೋದೆ. ಹೋಗಬಾರದು ಅಂದುಕೊಂಡೇ ಹೋದೆ.

ಹೇಗೆ ಹೇಳಲಿ? ನೆಲದ ಮೇಲ್ಪದರ ಸಾಲು ಸಾಲಾಗಿ ಬಿರಿದಿತ್ತು, ತೆಳ್ಳಗಿನ ಸುಣ್ಣದ ಗಾರೆ ಬಿರಿದಂತೆ. ಪ್ರತಿ ಬಿರುಕಿನಲ್ಲೂ ಹಸಿರು. ಒಂದು ಇಲ್ಲಿ ಒಂದು ಅಲ್ಲಿ ಅಲ್ಲ, ಎಲ್ಲವೂ ಒಟ್ಟಿಗೇ, ಗಂಟೆ ಹೊಡೆದ ಕೂಡಲೇ ಎದ್ದು ನಿಂತ ತರಗತಿಯಂತೆ, ಒಂದೇ ಎತ್ತರ. ನನ್ನ ಸೊಟ್ಟ ಸಾಲು ಕೂಡ ಸೊಟ್ಟಗೇ, ಒಂದೂ ತಪ್ಪದೆ ಎದ್ದಿತ್ತು. ನಾನು ಬದುವಿನ ಮೇಲೆ ಕೂತೆ. ಆಮೇಲೆ ಎದ್ದು ಸುನಿಧಿಯನ್ನು ಕರೆಯಲು ಹಾಸ್ಟೆಲ್ ಕಡೆ ಓಡಿದವನು, ದಾರಿಯಲ್ಲಿ ಸಿಕ್ಕ ಹಾಲಿನವನ ಸೈಕಲ್ಲನ್ನೇ ತಡೆದು ಅವನಿಗೂ ತೋರಿಸಲು ಕರೆತಂದೆ. ಜೋಳ ಮೊಳೆಯುವುದನ್ನು ಕಂಡಿಲ್ಲವೇನೋ ಎಂದು ಅವನು ಬೈದ, ಆದರೂ ಬಂದ. ನೋಡಿದ ಮೇಲೆ ಬೈಯಲಿಲ್ಲ.

ಸುನಿಧಿ ಮೊಣಕಾಲೂರಿ ಎಣಿಸಿದಳು. ಎರಡೂ ತಾಕುಗಳಲ್ಲಿ ಹತ್ತು ಹತ್ತು ಸಾಲು, ಬೇಕಾದ್ದನ್ನು ಆರಿಸದೆ, ಚೀಟಿ ಎತ್ತಿ. ಎಂಟನೇ ತಾಕಿನಲ್ಲಿ ನೂರು ಬೀಜಕ್ಕೆ ಐವತ್ತೆಂಟು ಎದ್ದಿದ್ದವು. ಗುರುವಾರ ಮೆರೆದವುಗಳಲ್ಲಿ ಕೆಲವು ಬುಡ ಕೊಳೆತು ಮಲಗಿದ್ದವು. ಏಳರಲ್ಲಿ ನೂರಕ್ಕೆ ತೊಂಬತ್ತಮೂರು. ಅವಳು ಎರಡು ಸಲ ಎಣಿಸಿದಳು, ಮೂರನೇ ಸಲ ಎಣಿಸಲು ಹೋಗಿ ಅತ್ತುಬಿಟ್ಟಳು, ಅಳುತ್ತಲೇ ನಕ್ಕಳು.

ಒಂಬತ್ತಕ್ಕೆ ಎಲ್ಲರೂ ಬಂದರು. ಅದೇ ಬದು, ಅದೇ ಮೂವತ್ತೆಂಟು ಜನ, ಅದೇ ಸಮಿತಿ. ನಸೀಮಾ ಮೇಡಂ ಕೊಟ್ಟಿಗೆಯ ದಾಖಲೆ ಪುಸ್ತಕವನ್ನೇ ಹೊತ್ತು ತಂದಿದ್ದರು. ಯಾವ ಆಕಳಿಗೆ ಯಾವ ದಿನ ಎಂದು ಬರೆಯುವ ಪುಸ್ತಕ ಅದು. ಬಗ್ಗಿ ಒಂದು ಸಾಲನ್ನು ತಲೆಯಿಂದ ಬುಡದ ತನಕ ನೋಡಿ, ಎದ್ದು, ಪೆನ್ನಿನ ಮುಚ್ಚಳ ತೆಗೆದು, ಬರೆಯುತ್ತ ಗಟ್ಟಿಯಾಗಿ ಓದಿದರು:

"ಏಳನೇ ತಾಕು. ಗಬ್ಬ ಖಚಿತ."

ಮೊದಲು ನಕ್ಕವರು ಅಧ್ಯಕ್ಷೆ. ಆಮೇಲೆ ಇಡೀ ಬದು ನಕ್ಕಿತು. ಸೋಮವಾರದ ನಗುವಲ್ಲ ಇದು, ಇದರಲ್ಲಿ ನಾನೂ ಇದ್ದೆ. ಸ್ಕೂಟರಿನ ಹುಡುಗ ಎಲ್ಲರಿಗಿಂತ ಜೋರಾಗಿ ಶಿಳ್ಳೆ ಹಾಕಿದ.

ತೇರದಾಳ ಸರ್ ನಗಲಿಲ್ಲ. ಅವರು ಬೂಟಿಗೆ ಮಣ್ಣು ಮೆತ್ತಿದರೂ ತಾಕಿಗೆ ಇಳಿದರು. ಎಂಟನೇ ತಾಕಿಗೂ ಹೋದರು, ತಿರುಗಿ ಬಂದರು. ಸುನಿಧಿಯ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಚೂಪಾದ ಗುಡ್ಡದ ಮೇಲೆ ಬೆರಳಿಟ್ಟು, ನಾವು ಬಿತ್ತಿದ್ದು ಇಲ್ಲಿ ಅಲ್ಲವೇ ಎಂದು ಕೇಳಿದರು. ಹೌದು ಎಂದಳು. ಅಧ್ಯಕ್ಷೆ ಗಡಿಯಾರ ನೋಡಿ, ಹನ್ನೆರಡಕ್ಕೆ ಅಳಿಸುವುದಿತ್ತಲ್ಲ ಎಂದು ನೆನಪಿಸಿದರು. ಸರ್ ಆ ಆದೇಶದ ಕಾಗದವನ್ನು ಸುನಿಧಿಯ ಕೈಯಿಂದ ತಾವೇ ತೆಗೆದುಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಒಂದಕ್ಷರವನ್ನೂ ಅಳಿಸಬೇಡ ಎಂದರು, ಉಳಿದ ತಾಕುಗಳನ್ನೆಲ್ಲ ಈ ಹಿಂಗಾರಿಯಲ್ಲಿ ಹೀಗೇ ಬಿತ್ತಿ ನೋಡಬೇಕು ಎಂದರು. ಆ ಮನುಷ್ಯನಿಗೆ ಬಾಯಿ ಕೆಟ್ಟದ್ದಿರಬಹುದು, ಕಣ್ಣು ಸುಳ್ಳಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆದಿದ್ದೇನೆ.

ಆಮೇಲೆ ಅವರು ನನ್ನ ಕಡೆ ತಿರುಗಿದರು. ವಿದ್ಯಾರ್ಥಿಗಳಿಗೆ ನೋಟುಪುಸ್ತಕ ತೆಗೆಯಲು ಹೇಳಿದರು. ಮೂವತ್ತೆಂಟು ಪುಸ್ತಕ ತೆರೆದುಕೊಂಡವು.

"ಯಮನೂರಿ, ನೀವ ಹೇಳ್ರಿ. ಬೆದಿ ಅಂದ್ರ ಏನು? ಇವರು ಬರಕೊಳ್ತಾರ."

ನೀವ ಎಂದರು. ಎಲ್ಲರ ಮುಂದೆ. ನಾನು ಬಾಯಿ ತೆರೆದೆ. ನಾಲ್ಕೂ ಉತ್ತರ ನಾಲಿಗೆಯ ತುದಿಗೆ ಬಂದು ಸಾಲು ಹಚ್ಚಿ ನಿಂತಿದ್ದವು. ಚಿಕ್ಕದು, ಉದ್ದದ್ದು, ವಿನಯದ್ದು, ಎಮ್ಮೆ ಮೆಚ್ಚಿದ್ದು. ಒಂಬತ್ತು ಮಣ್ಣಿನ ಹೆಸರು ಬರೆದು ಐದು ಏಟು ತಿಂದ ಹುಡುಗನಿಗೆ ಇಂಥ ದಿನ ಇನ್ನೊಮ್ಮೆ ಬರುತ್ತದೆಯೇ?

ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು. ಮೊದಲು ನನ್ನ ಮೂಗು ತಿರುಗಿತು, ಆಮೇಲೆ ತಲೆ. ಹನ್ನೊಂದನೇ ತಾಕು. ಹಸಿವಿನ ಖಾರ ಹೋಗಿ, ಬೆಚ್ಚಗೆ, ದುಂಡಗೆ, ಈಗಷ್ಟೇ ಕೈ ತೊಳೆದು ಕೂತ ಮನೆಯ ವಾಸನೆ. ಇದು ತಗ್ಗು ಹೊಲದ ದಿಬ್ಬ, ತಡವಾಗಿ ಎದ್ದಿತ್ತು. ಆದರೂ ಬಹಳ ಹೊತ್ತು ಇರುವುದಿಲ್ಲ. ದೂರದ ಬದುವಿನ ಮೇಲೆ ಹೊನ್ನವ್ವ ಅತ್ತೆ ಸೆರಗು ಸಿಕ್ಕಿಸಿಕೊಂಡು, ಬೀಜದ ಚೀಲದ ಪಕ್ಕದಲ್ಲಿ, ಸೊಂಟದ ಮೇಲೆ ಎರಡೂ ಕೈ ಇಟ್ಟು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಪೆನ್ನುಗಳು ಕಾಯುತ್ತಿದ್ದವು. ನಾನು ಬಾಯಿ ಮುಚ್ಚಿ, ಚಪ್ಪಲಿ ಅಲ್ಲೇ ಬಿಟ್ಟು, ಸೋಮವಾರ ಬದುವಿಗೆ ಒರಗಿಸಿದ್ದ ಕೈಕೂರಿಗೆ ಎತ್ತಿಕೊಂಡು ಹನ್ನೊಂದನೇ ತಾಕಿನ ಕಡೆ ನಡೆದೆ.